ಏಳಾದ ಮೇಲೆ ಒಂಬತ್ತು

ಮಗುವಿನ ದೀಕ್ಷಾಸ್ನಾನ ಮುಗಿದ ಮೇಲೆ ಹಾಡಿದ ಹಾಡಿನ ಮೊದಲ ಎರಡು ಚರಣ ಎಲ್ಲರ ಬಾಯಲ್ಲೂ ಒಂದೇ ಆಗಿತ್ತು. ಮೂರನೆಯ ಚರಣಕ್ಕೆ ಪುಟ ತಿರುವಬೇಕಿತ್ತು. ತಿರುವಿದರು. ಅರ್ಧ ಜನ ಹೊಸ ಜೀವಕ್ಕಾಗಿ ದೇವರಿಗೆ ಸ್ತೋತ್ರ ಹೇಳುವುದನ್ನು ಮುಂದುವರಿಸಿದರು. ಇನ್ನರ್ಧ ಜನ ಮಣ್ಣು ಮಣ್ಣಿಗೆ ಸೇರಿತೆಂದೂ, ನಮ್ಮವರನ್ನು ಗುಂಡಿಯಲ್ಲಿ ಬಿಟ್ಟು ಹೊರಟೆವೆಂದೂ ಹಾಡತೊಡಗಿದರು. ಎರಡು ಹಾಡಿನ ಅಳತೆಯೂ ಒಂದೇ. ಮಾತುಗಳು ರಾಗಕ್ಕೆ ಸಲೀಸಾಗಿ ಕೂತವು. ಹೀಗಾಗಿ ಒಂದು ಸಾಲು ಪೂರ್ತಿ ಮುಗಿಯುವವರೆಗೆ ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಮಗುವಿನ ಅಜ್ಜಿ ಪುಸ್ತಕ ಮುಚ್ಚಿ ಅಳತೊಡಗಿದರು. ಆರ್ಗನ್ ನುಡಿಸುತ್ತಿದ್ದ ಮುದಿ ಟೀಚರ್ ಮಾತ್ರ ನಿಲ್ಲಿಸಲಿಲ್ಲ. ನಾಲ್ಕನೆಯ ಚರಣವನ್ನೂ ನುಡಿಸಿಯೇ ಕೈ ತೆಗೆದರು.

ಹಾಡಿನ ಪುಸ್ತಕಗಳು ಹೊಸ ರಟ್ಟು ಕಟ್ಟಿಸಿಕೊಂಡು ಬಂದು ಒಂದು ವಾರವಾಗಿತ್ತು. ಕಟ್ಟಿದ ಬೈಂಡರ್ ಐದನೆಯ ಬೆಂಚಿನಲ್ಲಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ಅವನಿಗೆ ಪುಸ್ತಕ ಬೇಕಿರಲಿಲ್ಲ, ಎಲ್ಲ ಬಾಯಿಪಾಠ. ಎಪ್ಪತ್ತನಾಲ್ಕು ವರ್ಷದಲ್ಲಿ ಐವತ್ತೆರಡು ವರ್ಷ ಅವನು ಪುಸ್ತಕ ಕಟ್ಟಿದ್ದ. ತನ್ನ ಕೈಯಿಂದ ಹೋದ ಒಂದು ಪುಸ್ತಕವೂ ತಿರುಗಿ ಬಂದಿಲ್ಲವೆಂದು ಹೇಳಿಕೊಳ್ಳುತ್ತಿದ್ದ. ಅದು ನಿಜವೂ ಆಗಿತ್ತು.

ಮನೆಯ ಬಾಗಿಲ ಬೀಗ ತೆಗೆಯುವಾಗ ಬೈಂಡರನ ಮೊಮ್ಮಗಳೇ ಮಾತು ಶುರು ಮಾಡಿದಳು. ಹದಿನೇಳರ ಹುಡುಗಿ, ಆರಾಧನೆಯಲ್ಲಿ ಗಾಯನದವರ ಸಾಲಿನಲ್ಲಿ ಮುಂದೆ ನಿಲ್ಲುವವಳು.

“ತಾತ, ನಾನು ಮಗು ಮುಖ ನೋಡ್ಕೊಂಡೇ ಹಾಡ್ದೆ. ನಿನ್ನ ಹೂತು ಹೋಗ್ತೀವಿ ಅಂತ. ನಗ್ತಾ ನಗ್ತಾ.”

“ಸುಮ್ನಿರೇ,” ಎಂದ ಅವಳಪ್ಪ.

“ಗಟ್ಟಿಯಾಗಿ ಬೇರೆ ಹಾಡ್ದೆ. ಟೀಚರ್ ಯಾವಾಗ್ಲೂ ಗಟ್ಟಿಯಾಗಿ ಹಾಡು ಅಂತ ಪ್ರಾಣ ತಿಂತಾರಲ್ಲ.”

ಬೈಂಡರ್ ಮೂವತ್ತು ಪುಸ್ತಕಗಳನ್ನೂ ಎರಡು ಚೀಲದಲ್ಲಿ ವಾಪಸ್ ತಂದಿದ್ದ. ಬಟ್ಟೆ ಕೂಡ ಬದಲಿಸದೆ ಅವನ್ನು ಊಟದ ಮೇಜಿನ ಮೇಲೆ ಸುರಿದು ಒಂದೊಂದನ್ನೇ ಬಿಚ್ಚಿ ನೋಡಿದ. ಪುಸ್ತಕವೆಂದರೆ ಮಡಚಿದ ಕಾಗದದ ಕಟ್ಟುಗಳು. ಒಂದೊಂದು ಕಟ್ಟಿಗೆ ಹದಿನಾರು ಪುಟ, ಅದನ್ನು ಅವನು ಫಾರಂ ಎನ್ನುತ್ತಿದ್ದ. ಈ ಹಾಡಿನ ಪುಸ್ತಕಕ್ಕೆ ಇಪ್ಪತ್ತು ಫಾರಂ. ಹಳೆಯ ಪುಸ್ತಕಗಳನ್ನೆಲ್ಲ ಬಿಚ್ಚಿ, ತೀರಾ ಹರಿದದ್ದನ್ನು ಬಿಸಾಕಿ, ಒಂದೇ ನಂಬರಿನ ಫಾರಂಗಳನ್ನು ಒಂದೊಂದು ಗುಡ್ಡೆ ಮಾಡಿ, ಇಪ್ಪತ್ತು ಗುಡ್ಡೆಗಳನ್ನು ಈ ಮೇಜಿನ ಸುತ್ತ ಸಾಲಾಗಿ ಇಟ್ಟಿದ್ದ. ಮೇಜಿಗೆ ಸುತ್ತು ಬರುತ್ತಾ ಒಂದೊಂದರಿಂದ ಒಂದೊಂದು ಎತ್ತಿಕೊಳ್ಳುವುದು. ಒಂದು ಸುತ್ತಿಗೆ ಒಂದು ಪುಸ್ತಕ. ಆಮೇಲೆ ಹೊಲಿಗೆ, ಅಂಟು, ರಟ್ಟು.

ಹದಿನೇಳು ಪುಸ್ತಕ ಸರಿಯಿದ್ದವು. ಹದಿಮೂರರಲ್ಲಿ ಏಳನೆಯ ಫಾರಂ ಆದ ಮೇಲೆ ಒಂಬತ್ತಿತ್ತು. ಎಂಟು ಅದರ ಹಿಂದೆ.

ಮಗ ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ಎಲ್ಲವೂ ಲಿಫ್ಟೇ. “ಹದಿನೇಳು ಸುತ್ತು ಸರಿಯಾಗಿ ಓಡಿ ಆಮೇಲೆ ಕೆಟ್ಟಿದೆ ಅಂದ್ರೆ ಮಧ್ಯ ಏನೋ ಆಗಿದೆ ಅಪ್ಪ. ಯಾವ ಮಹಡೀಲಿ ನಿಂತಿತು ಅಂತ ಮೊದಲು ನೋಡ್ಬೇಕು.”

“ಮಧ್ಯ ಊಟ ಆಯ್ತು,” ಎಂದ ಬೈಂಡರ್.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸೊಸೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

“ಊಟ ಆಯ್ತು ಅಂದ್ರೆ ಏನರ್ಥ ಮಾವ?”

“ಊಟ ಆಯ್ತು ಅಂದ್ರೆ ಊಟ ಆಯ್ತು ಅಂತ. ತಟ್ಟೆಗೆ ಜಾಗ ಇಲ್ಲ ಅಂತ ಎರಡು ಗುಡ್ಡೆ ಎತ್ತಿ ಕಿಟಕಿ ಕಟ್ಟೆ ಮೇಲಿಟ್ಟೆ ನೀನು.”

“ಎತ್ತಿಟ್ಟೆ. ನಿಂತ್ಕೊಂಡು ತಿನ್ನೋಕೆ ನಾವೇನು ಕುದುರೇನಾ? ಆದ್ರೆ ವಾಪಸ್ ಇಟ್ಟೋಳು ನಾನಲ್ಲ. ನೀವೇ ಇಟ್ಟಿದ್ದು.”

“ನಾನಾ?”

“ನೀವೇ. ನಂಗೆ ಚೆನ್ನಾಗಿ ನೆನಪಿದೆ.” ಸ್ವಲ್ಪ ತಡೆದಳು. “ನೆನಪಿದೆ ಅನ್ಸುತ್ತೆ.”

“ನಾನು ಇಟ್ಟಿರಬಹುದು,” ಎಂದಳು ಮೊಮ್ಮಗಳು. “ಅವತ್ತು ಮೇಜು ಒರೆಸಿದ್ದು ನಾನೇ.”

“ನೀನು ಯಾವತ್ತು ಮೇಜು ಒರೆಸಿದ್ದೀಯ?” ಎಂದಳು ಅವಳಮ್ಮ.

“ಅದೂ ನಿಜ.”

ಮಗ ಕೈಯೆತ್ತಿದ. “ಯಾರೋ ಇಟ್ರು ಬಿಡಿ ಈಗ.”

“ಯಾರೋ ಅಲ್ಲ,” ಎಂದಳು ಸೊಸೆ. ಅಡುಗೆಮನೆಗೆ ಹೋಗಿ, ಪಾತ್ರೆಗೆ ಹೇಳಿದ ಹಾಗೆ, ಆದರೆ ಬೀದಿಗೂ ಕೇಳಿಸುವ ಹಾಗೆ ಹೇಳಿದಳು: “ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ.”

ಬೈಂಡರ್ ಗುಡ್ಡೆ ವಾಪಸ್ ಇಟ್ಟವರು ಯಾರೆಂದು ನೆನಪು ಮಾಡಿಕೊಳ್ಳಲು ನೋಡಿದ. ಅವತ್ತು ಬೀನ್ಸಿನ ಸೂಪು ಮಾಡಿದ್ದರು, ಉಪ್ಪು ಕಡಿಮೆಯಾಗಿತ್ತು. ಅದು ನೆನಪಾಯಿತು. ಗುಡ್ಡೆ ನೆನಪಾಗಲಿಲ್ಲ.

ಅಯ್ಯನವರು ಮಂಗಳವಾರ ಬಂದರು. ಸಭೆಯ ಪಾಲಕರು, ವಯಸ್ಸು ನಲವತ್ತಿರಬಹುದು. ಯಾರ ಮನಸ್ಸೂ ನೋಯಬಾರದೆಂದು ಕುರ್ಚಿಯ ತುದಿಯಲ್ಲಿ ಕೂರುವವರು.

“ಯಾರೂ ಏನೂ ಅಂದ್ಕೊಂಡಿಲ್ಲ ತಾತ. ಮಗುವಿನ ಅಜ್ಜೀನೂ ಈಗ ನಗ್ತಿದ್ದಾರೆ.”

“ನಗ್ತಿದ್ದಾರಾ?”

“ಅಂದ್ರೆ… ಅಳ್ತಾ ಇಲ್ಲ.”

ವಿಷಯ ಅದಲ್ಲ. ಇನ್ನೂ ಅರವತ್ತು ಪುಸ್ತಕ ಬಾಕಿಯಿದ್ದವು, ಬಿಚ್ಚಿದ ಹಾಗೇ ಮುಂದಿನ ಕೋಣೆಯಲ್ಲಿ ಬಿದ್ದಿದ್ದವು. ಪೇಟೆಯಲ್ಲಿ ಯಂತ್ರ ಇಟ್ಟುಕೊಂಡವನೊಬ್ಬನಿಗೆ ಕೊಟ್ಟರೆ ಎರಡು ದಿನದ ಕೆಲಸ ಅಂತ ಸಭೆಯ ಹಿರಿಯರು ಅಂದುಕೊಂಡಿದ್ದಾರೆ. ತಿಂಗಳ ಕೊನೆಗೆ ಕೂಟ ಸೇರಿ ತೀರ್ಮಾನ ಮಾಡುತ್ತಾರೆ.

“ಅಷ್ಟರೊಳಗೆ ನೀವೇ ಸಾಕು ಅಂದ್ರೆ ಯಾರಿಗೂ ಮುಜುಗರ ಇರಲ್ಲ,” ಎಂದರು ಅಯ್ಯನವರು. “ಐವತ್ತು ವರ್ಷ ದುಡಿದಿದ್ದೀರ. ದೇವರು ಏಳನೇ ದಿನ ವಿಶ್ರಾಂತಿ ತಗೊಂಡ್ರಲ್ವಾ?”

“ತಗೊಂಡ. ಆದ್ರೆ ಮೊದಲು ಎಲ್ಲ ಸರಿಯಾಗಿದೆ ಅಂತ ನೋಡಿ ಆಮೇಲೆ ತಗೊಂಡ.”

ಅಯ್ಯನವರು ವಯಸ್ಸಾದವರಿಗೆ ಧೈರ್ಯ ಹೇಳುವ, ದಪ್ಪ ಅಕ್ಷರದ ಒಂದು ಕಿರುಹೊತ್ತಿಗೆ ಕೈಗಿಟ್ಟು, ಪ್ರಾರ್ಥನೆ ಮಾಡಿ ಹೊರಟರು. ಬೈಂಡರ್ ಅದನ್ನು ತಿರುವಿ ಬೆನ್ನು ನೋಡಿದ. ಪಿನ್ನು ವಕ್ರವಾಗಿ ಹೊಡೆದಿದ್ದರು. ನಿಮ್ಮ ದುಡಿಮೆಯ ಕಾಲ ಮುಗಿಯಿತು, ಇನ್ನು ಪ್ರಾರ್ಥನೆಯೇ ನಿಮ್ಮ ಕೆಲಸ ಎಂದು ಮೊದಲ ಪುಟದಲ್ಲಿತ್ತು.

“ಹಾಗಾದ್ರೆ ಇಷ್ಟು ದಿನ ಪ್ರಾರ್ಥನೆ ಮಾಡ್ದೇ ಇದ್ನಾ?” ಎಂದು ಕೇಳಿದ. ಮನೆಯಲ್ಲಿ ಯಾರೂ ಇರಲಿಲ್ಲ. ಪಿನ್ನು ಕಿತ್ತು, ದಾರ ಹಾಕಿ ಹೊಲಿದು, ಒತ್ತಿ ಇಟ್ಟ. ಓದಲಿಲ್ಲ.

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಪ್ರಕಾರ ಇದು ಕಣ್ಣಿನ ದೋಷ. ಮಾವನಿಗೆ ಪೊರೆ ತೆಗೆಸಿ ಎರಡು ವರ್ಷವಾಗಿತ್ತು, ನಂಬರು ಬದಲಾಗಿರಬೇಕು. ಫಾರಂ ನಂಬರು ಪುಟದ ಬುಡದಲ್ಲಿ ಇರುವೆಯಷ್ಟು ಸಣ್ಣದು. ಎಂಟು, ಒಂಬತ್ತು ಕಾಣಿಸಿರಲಿಕ್ಕಿಲ್ಲ.

“ಕಣ್ಣು ಅಂದ್ರೆ ಕಣ್ಣೇ,” ಎಂದಳು ಗಂಡನಿಗೆ. “ಬೇರೆ ಏನೂ ಇರಲ್ಲ. ಗುರುವಾರ ಕರ್ಕೊಂಡು ಹೋಗ್ತೀನಿ.”

ಬೇರೆ ಏನು ಎಂದು ಗಂಡ ಕೇಳಲಿಲ್ಲ.

ಗುರುವಾರ ಅಂಗಡಿಯಲ್ಲಿ ಕಣ್ಣು ನೋಡುವವರು ಮುದುಕನ ಗಲ್ಲವನ್ನು ಯಂತ್ರದ ಮೇಲೆ ಇರಿಸಿ, ಗಾಜು ಬದಲಿಸಿ ಬದಲಿಸಿ ಓದಿಸಿದರು. ಅವನು ಕೊನೆಯ ಸಾಲಿನವರೆಗೂ ಓದಿದ. ಹಲಗೆಯ ಮೂಲೆಯಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದ.

“ನಿಮ್ಮ ಮಾವನ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ,” ಎಂದರು ಅವರು. “ಸಂತೋಷ ಪಡಿ.”

ಬಸ್ಸಿನಲ್ಲಿ ಮಾವ ಸೊಸೆ ಪಕ್ಕಪಕ್ಕ ಕೂತರು. ಸೊಸೆ ಕಿಟಕಿ ನೋಡುತ್ತಿದ್ದಳು.

“ಒಂದು ಸಾಲು ತಪ್ಪು ಓದಬಹುದಿತ್ತು ಮಾವ ನೀವು,” ಎಂದಳು ಕೊನೆಗೆ.

“ಯೋಚನೆ ಮಾಡಿದ್ದೆ. ಆದ್ರೆ ಸುಳ್ಳು ಓದೋಕೆ ನಾಲಿಗೆ ತಿರುಗ್ಲಿಲ್ಲ.”

ಅದರ ಮುಂದಿನ ಎರಡು ವಾರ ಮನೆಯಲ್ಲಿ ಯಾವುದೂ ಸರಿಯಾಗಿ ನಡೆಯಲಿಲ್ಲ. ಬೆಳಗಿನ ಬ್ರೆಡ್ಡು ತರುವುದು, ಸಂಜೆ ಹಿಂಬಾಗಿಲು ಹಾಕುವುದು, ನೀರಿನ ತೊಟ್ಟಿ ತುಂಬಿದ ಮೇಲೆ ಮೋಟಾರು ನಿಲ್ಲಿಸುವುದು ಮುದುಕನ ಪಾಲಿನ ಕೆಲಸಗಳು. ಈಗ ಅವನು ಮರೆತರೆ ಎಂದು ಎಲ್ಲರೂ ಆ ಕೆಲಸ ಮಾಡತೊಡಗಿದರು. ಬುಧವಾರ ಮನೆಗೆ ಮೂರು ಬ್ರೆಡ್ಡು ಬಂತು. ಮೂವರೂ ಒಬ್ಬರಿಗೊಬ್ಬರು ಹೇಳದೆ ತಂದಿದ್ದರು. ಗುರುವಾರ, ನಿನ್ನೆಯ ಅವಮಾನ ಬೇಡವೆಂದು ಯಾರೂ ತರಲಿಲ್ಲ. ಹಳೆಯ ಬ್ರೆಡ್ಡಿನಲ್ಲಿ ಎರಡನ್ನು ಸೊಸೆ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳು, ಮೂರನೆಯದು ಖಾಲಿಯಾಗಿತ್ತು. ಬೇಯಿಸಿದ ಆಲೂಗಡ್ಡೆಗೆ ಉಪ್ಪು ಉದುರಿಸಿಕೊಂಡು ನಾಲ್ವರೂ ತಿಂದರು. ಮೋಟಾರನ್ನು ಮುದುಕ ನಿಲ್ಲಿಸಿದ. ಅದು ಓಡುತ್ತಿದೆಯೆಂದು ತಿಳಿದು ನಿಲ್ಲಿಸಲು ಹೋದ ಮಗ ಮತ್ತೆ ಶುರು ಮಾಡಿದ. ನೀರು ಅಂಗಳಕ್ಕೆಲ್ಲ ಹರಿಯಿತು.

“ತಾತ ಮರ್ತಿದ್ದಾರೆ,” ಎಂದಳು ಮೊಮ್ಮಗಳು ಸಹಜವಾಗಿ.

“ನಾನು ಮರೀಲಿಲ್ಲ ಕಣೇ. ನಿಮ್ಮಪ್ಪ ನೆನಪು ಮಾಡ್ಕೊಂಡ.”

ಮಗ ಉಪಾಯದಿಂದ ಪರೀಕ್ಷೆ ಮಾಡಲು ಹೊರಟ. ಊಟದ ನಡುವೆ ಗಾಳಿಗೆ ಕೇಳಿದ ಹಾಗೆ, “ಇವತ್ತು ಯಾವ ವಾರ ಅಪ್ಪ?” ಎಂದ.

“ನಿನ್ನ ಹೆಂಡ್ತಿ ನಿನಗೆ ಬೈದಿದ್ದು ನಿನ್ನೆ ಅಲ್ವಾ? ಹಾಗಾದ್ರೆ ಬುಧವಾರ.”

“ನಾನು ದಿನಾ ಬೈತೀನಿ ಮಾವ,” ಎಂದಳು ಸೊಸೆ.

“ಹಾಗಾದ್ರೆ ಹೇಳೋಕಾಗಲ್ಲ.”

ಎಲ್ಲರೂ ನಕ್ಕರು. ಮುದುಕನೂ ನಕ್ಕ. ಆಮೇಲೆ ತಟ್ಟೆ ಪಕ್ಕಕ್ಕಿಟ್ಟು ಹೇಳಿದ: “ಅರವತ್ತಕ್ಕೆ ಅರಳುಮರಳು ಅಂತಾರೆ. ನಂಗೆ ಎಪ್ಪತ್ತನಾಲ್ಕು. ಬರ್ಲೇಬೇಕಾದ್ದು ತಡವಾಗಿ ಬಂದಿದೆ ಅಂತ ತಾನೇ ನೀವು ಅಂದ್ಕೊಂಡಿರೋದು? ಬಾಯ್ಬಿಟ್ಟು ಹೇಳಿ. ಪ್ರಶ್ನೆಪತ್ರಿಕೆ ಕೊಡಬೇಡಿ.”

“ಹಾಗೇನಿಲ್ಲ ಅಪ್ಪ.”

“ಹಾಗೇ ಇದೆ,” ಎಂದಳು ಸೊಸೆ. “ಹಾಗೇ ಅಂದ್ಕೊಂಡಿದ್ದೀವಿ. ನೀವು ಮೈದಾ ಅಂಟು ಕಾಯಿಸ್ತೀರಲ್ಲ, ಅದಕ್ಕೆ ಹುಳ ಹಿಡಿಬಾರ್ದು ಅಂತ ಮೈಲುತುತ್ತ ಹಾಕ್ತೀರ. ಅದು ವಿಷ. ಆ ಪಾತ್ರೆ ನನ್ನ ಹಾಲಿನ ಪಾತ್ರೆ ಪಕ್ಕದಲ್ಲೇ ಇರುತ್ತೆ. ಎಂಟು ಒಂಬತ್ತು ಅದಲುಬದಲಾದ್ರೆ ಜನ ನಗ್ತಾರೆ. ಇದು ಅದಲುಬದಲಾದ್ರೆ?”

ಬೈಂಡರ್ ಎದ್ದು ಅಂಟಿನ ಪಾತ್ರೆಯನ್ನು ಮುಂದಿನ ಕೋಣೆಗೆ ಒಯ್ದು, ತನ್ನ ಮಂಚದ ಕೆಳಗೆ ಇಟ್ಟ. ಅವಳು ಹೇಳಿದ್ದು ಸರಿ ಅನ್ನಿಸಿತು. ಅದೇ ಅವನಿಗೆ ಸಿಟ್ಟು ತರಿಸಿತು.

ತಿಂಗಳ ಕೊನೆಗೆ ಐದು ದಿನವಿತ್ತು. ಬಿಡುತ್ತೇನೆ ಎಂದು ಅಯ್ಯನವರಿಗೆ ಹೇಳಿಬಿಡುವುದೇ ವಾಸಿ ಎಂದುಕೊಂಡು ಬೈಂಡರ್ ಮಧ್ಯಾಹ್ನ ದೇವಾಲಯಕ್ಕೆ ಹೋದ. ಅಯ್ಯನವರು ಇರಲಿಲ್ಲ. ಆರ್ಗನ್ ಟೀಚರ್ ಒಬ್ಬರೇ ಅಭ್ಯಾಸ ಮಾಡುತ್ತಿದ್ದರು. ಎಪ್ಪತ್ತೊಂಬತ್ತು ವರ್ಷ, ಗೂನು ಬೆನ್ನು, ಬಾಯಿ ಮಾತ್ರ ನೆಟ್ಟಗೆ.

“ಬನ್ನಿ ಬೈಂಡರೇ. ಶವಸಂಸ್ಕಾರಕ್ಕಾ, ದೀಕ್ಷಾಸ್ನಾನಕ್ಕಾ? ಯಾವುದಕ್ಕೆ ಬಂದ್ರಿ?”

“ನಗಿ ಟೀಚರ್. ಎಲ್ಲರೂ ನಕ್ಕಾಯ್ತು.”

“ನಾನು ಅವತ್ತೇ ನಗಬೇಕಿತ್ತು. ನುಡಿಸೋದು ನಿಲ್ಲಿಸಿದ್ರೆ ಮತ್ತೆ ಶುರು ಮಾಡೋಕೆ ಬೆರಳು ಕೇಳಲ್ಲ, ಅದಕ್ಕೇ ನಗ್ಲಿಲ್ಲ.” ಅವರು ಎಡಗೈ ಎತ್ತಿ ತೋರಿಸಿದರು. ಕಿರುಬೆರಳು, ಉಂಗುರಬೆರಳು ಒಳಕ್ಕೆ ಮಡಚಿಕೊಂಡಿದ್ದವು. “ಐದು ವರ್ಷದಿಂದ ಎಡಗೈ ಸ್ವರದಲ್ಲಿ ಅರ್ಧ ಬಿಟ್ಟೇ ನುಡಿಸ್ತಿದ್ದೀನಿ. ನಿಮಗೆ ಗೊತ್ತಾಯ್ತಾ?”

“ಇಲ್ಲ.”

“ನಿಮ್ಮ ಮೊಮ್ಮಗಳಿಗೆ ಗೊತ್ತಾಯ್ತು. ಯಾಕೆ ಟೀಚರ್ ಕೆಳಗಿನ ಸ್ವರ ಬರ್ತಿಲ್ಲ ಅಂತ ಎಲ್ಲರ ಮುಂದೆ ಕೇಳಿದ್ಲು. ಒಂದು ವಾರ ಅವಳ ಮುಖ ನೋಡ್ಲಿಲ್ಲ ನಾನು. ಆಮೇಲೆ ಆ ಸ್ವರಾನ ನೀನೇ ಗಂಟಲಲ್ಲಿ ಹಿಡಿ ಅಂದೆ. ಈಗ ಹಿಡೀತಾಳೆ. ಅದಕ್ಕೇ ಗಟ್ಟಿಯಾಗಿ ಹಾಡು ಅಂತ ಪೀಡಿಸೋದು.”

ಬೈಂಡರ್ ಬೆಂಚಿನ ಮೇಲೆ ಕೂತ. “ಕಣ್ಣು ಕೆಟ್ಟಿರಲಿ ಅಂತ ಪ್ರಾರ್ಥನೆ ಮಾಡ್ದೆ ಟೀಚರ್. ಕಣ್ಣಾದ್ರೆ ಕನ್ನಡಕ ಹಾಕ್ಬಹುದು. ದೇವರು ಕೇಳ್ಲಿಲ್ಲ, ಕಣ್ಣು ಚೆನ್ನಾಗಿಟ್ಟಿದ್ದಾನೆ. ಹಾಗಾದ್ರೆ ಕೆಟ್ಟಿರೋದು ಏನು? ಐವತ್ತೆರಡು ವರ್ಷದಲ್ಲಿ ಒಂದು ತಪ್ಪಿಲ್ಲ, ಈಗ ಒಂದೇ ದಿನ ಹದಿಮೂರು.”

“ಒಂದು ತಪ್ಪಿಲ್ಲ ಅಂತ ಯಾರು ಹೇಳಿದ್ದು?”

“ಒಂದೂ ವಾಪಸ್ ಬಂದಿಲ್ಲ.”

“ವಾಪಸ್ ಬಂದಿಲ್ಲ ಅಂದ್ರೆ ತಪ್ಪಿಲ್ಲ ಅಂತಲಾ? ನಿಮ್ಮ ಮನೇಲಿ ನಾನು ಎಷ್ಟು ಸಲ ಕೂತಿಲ್ಲ. ನಿಮ್ಮ ಯಜಮಾನ್ತಿ ನನ್ನ ಜೊತೆ ಮಾತಾಡ್ತಾ ಮಾತಾಡ್ತಾ ಮಡಿಲ ತುಂಬ ಪುಸ್ತಕ ಇಟ್ಕೊಂಡು ಏನು ಮಾಡ್ತಿದ್ರು?”

ಬೈಂಡರನ ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಈ ಹಾಡಿನ ಪುಸ್ತಕಗಳು ಅವಳು ಹೋದ ಮೇಲೆ ಹಿಡಿದ ಮೊದಲ ದೊಡ್ಡ ಕೆಲಸ.

“ಅವಳು ಸುಮ್ನೆ ತಿರುವಿ ಹಾಕ್ತಿದ್ಲು. ಹೊಲಿಯೋಕೆ ಮುಂಚೆ. ಕೈ ಸುಮ್ಮನಿರಲ್ಲ ಅವಳದ್ದು. ಹೊತ್ತು ಹಾಳು ಮಾಡ್ತೀಯ ಅಂತ ಬೈತಿದ್ದೆ.”

“ಒಂದೊಂದನ್ನ ತೆಗೆದು ಪಕ್ಕಕ್ಕಿಡ್ತಿದ್ರು. ನನಗೆ ಗೊತ್ತು, ನಾನು ಕಾಫಿ ಲೋಟ ಇಡೋಕೆ ಹೋದ್ರೆ, ಅದರ ಮೇಲೆ ಬೇಡ, ಅವು ಅವರದ್ದು ಅಂತಿದ್ರು.”

“ಅಂಚು ಮಡಚಿರೋದು ಇರಬೇಕು, ಅದನ್ನ ನನಗೆ ಕೊಡ್ತಿದ್ಲು. ನಾನು ಮತ್ತೆ…” ಬೈಂಡರ್ ನಿಲ್ಲಿಸಿದ. ಅವಳು ಕೊಟ್ಟದ್ದನ್ನು ಅವನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. ಅಂಚು ಮಡಚಿರುವುದಕ್ಕೆ ಯಾರೂ ಮತ್ತೆ ಜೋಡಿಸುವುದಿಲ್ಲ. ನಲವತ್ತು ವರ್ಷ ಅದನ್ನು ಮಾಡಿದ್ದ. ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ವಾರಕ್ಕೆ ಎಷ್ಟಿರಬಹುದು? ಎರಡು? ಐದು?

“ಹಾಗಾದ್ರೆ ನಾನು ನಲವತ್ತರ ವಯಸ್ಸಲ್ಲೂ ತಪ್ತಿದ್ದೆ,” ಎಂದ.

“ನಾನು ಆಗ್ಲೂ ತಪ್ಪು ನುಡಿಸ್ತಿದ್ದೆ. ಆಗ ಹಾಡೋರು ಜಾಸ್ತಿ ಇದ್ರು, ಕೇಳಿಸ್ತಿರಲಿಲ್ಲ.”

“ಇದರಿಂದ ನಾನು ಸಮಾಧಾನ ಪಡಬೇಕೋ ನಾಚಿಕೆ ಪಡಬೇಕೋ?”

“ನನಗೇನು ಗೊತ್ತು? ಎರಡೂ ಪಡಿ. ಹೊತ್ತು ಇದೆಯಲ್ಲ.” ಟೀಚರ್ ಆರ್ಗನ್ನಿನ ಮುಚ್ಚಳ ಎಳೆದರು. “ನನಗೆ ಬೆರಳು ಮಡಚಿಕೊಂಡಾಗ ದೇವರೇ ಬೆರಳು ಕೊಡು ಅಂತ ಬೇಡಿದೆ. ಕೊಡ್ಲಿಲ್ಲ. ನಿಮ್ಮ ಮನೆ ಅಧಿಕಪ್ರಸಂಗಿ ಹುಡುಗೀನ ಕೊಟ್ಟ. ನಾನು ಕೇಳಿದ್ದು ಅದಲ್ಲ ಅಂತ ಎಷ್ಟೋ ದಿನ ಜಗಳ ಆಡ್ದೆ ಅವನ ಜೊತೆ. ಸುವಾರ್ತೆಯಲ್ಲಿ ಕೈಕಾಲು ಬಿದ್ದುಹೋದವನೊಬ್ಬ ಬರ್ತಾನಲ್ಲ, ನಾಲ್ಕು ಜನ ಮಾಳಿಗೆ ಬಿಚ್ಚಿ ಮಂಚದ ಸಮೇತ ಯೇಸುವಿನ ಮುಂದೆ ಇಳಿಸ್ತಾರೆ. ಅವನೇನು, ನಾನೇ ನಡ್ಕೊಂಡು ಬರ್ತೀನಿ ಬಿಡ್ರೋ ಅಂದ್ನಾ?”

“ಪಾಪ, ಅವನನ್ನ ಯಾರು ಕೇಳಿದ್ರು? ಹೊತ್ಕೊಂಡು ಬಂದ್ರು.”

“ಅದೇ ಹೇಳ್ತಿರೋದು. ನಿಮ್ಮನ್ನ ಇನ್ನೂ ಕೇಳ್ತಿದ್ದಾರೆ. ಅಷ್ಟು ಅದೃಷ್ಟ ನಿಮ್ದು.”

ಸಂಜೆ ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಬೈಂಡರ್ ಅಡುಗೆಮನೆ ಬಾಗಿಲಲ್ಲಿ ನಿಂತ. ಅಲ್ಲಿ ನಿಲ್ಲುವ ಅಭ್ಯಾಸ ಅವನಿಗಿರಲಿಲ್ಲ. ಅವಳು ತಿರುಗಿ ನೋಡಿದಳು.

“ಏನು ಮಾವ? ಹಸಿವಾ?”

“ಶನಿವಾರ ನಿನಗೆ ರಜಾನಾ?”

“ಯಾಕೆ?”

“ಅರವತ್ತು ಪುಸ್ತಕಕ್ಕೆ ಫಾರಂ ಎತ್ತಬೇಕು. ನಾನು ಎತ್ತಿದ್ದನ್ನ ಹೊಲಿಯೋಕೆ ಮುಂಚೆ ಯಾರಾದ್ರೂ ನೋಡ್ಬೇಕು. ನಂಬರು ಸಾಲಾಗಿದೆಯಾ ಅಂತ.”

ಅವಳು ಕೈ ಒರೆಸಿಕೊಂಡಳು. “ನಾನ್ಯಾಕೆ? ಗುಡ್ಡೆ ಎತ್ತಿಟ್ಟು ನಿಮ್ಮ ಹೆಸರು ಕೆಡಿಸಿದೋಳು ನಾನು. ನಿಮ್ಮ ಮಗನ್ನ ಕರೀರಿ.”

“ಅವನಿಗೆ ತಪ್ಪು ಕಂಡ್ರೆ, ಪಾಪ ಅಪ್ಪ ಅಂತ ನನಗೆ ಹೇಳದೇ ಸರಿ ಮಾಡಿಟ್ಟುಬಿಡ್ತಾನೆ. ನಿನ್ನ ಮಗಳು ಊರಿಗೆಲ್ಲ ಹೇಳ್ತಾಳೆ. ನೀನು ನನ್ನ ಮುಖಕ್ಕೇ ಹೇಳ್ತೀಯ.”

ಸೊಸೆಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. “ಅತ್ತೆ ಮಾಡ್ತಿದ್ರಲ್ಲ, ಅದಾ?” ಎಂದಳು.

“ನಿನಗೆ ಗೊತ್ತಿತ್ತಾ?”

“ನಿಮಗೆ ಗೊತ್ತಿರಲಿಲ್ವಾ?”

ನಲ್ಲಿ ಹರಿಯುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಿದಳು.

“ಅತ್ತೆ ಒಂದು ಮಾತು ಹೇಳಿಕೊಡ್ಲಿಲ್ಲ ನನಗೆ,” ಎಂದಳು. “ನೀನೂ ಕಲಿ ಅಂತ ಒಂದು ದಿನ ಅನ್ಲಿಲ್ಲ. ನಾನು ಅಂಗಡೀಲಿ ಕನ್ನಡಕ ಮಾರೋಳು, ನನಗೇನು ತಿಳಿಯುತ್ತೆ ಅಂತ. ಈಗ ನೀವು ಕರೀತೀರ.”

“ಬರ್ತೀಯೋ ಇಲ್ವೋ?”

“ಬರ್ತೀನಿ. ಅಂಟಿನ ಪಾತ್ರೆ ಮಾತ್ರ ಅಡುಗೆಮನೆಗೆ ಬರಕೂಡದು.”

“ಬರಲ್ಲ.”

ಅಯ್ಯನವರು ಶುಕ್ರವಾರ ಉತ್ತರ ಕೇಳಿಕೊಂಡು ಬಂದರು. ಬೈಂಡರ್ ಅವರನ್ನು ಕೂರಿಸಿ ಹೇಳಿದ: “ಕೆಲಸ ನನಗೆ ಕೊಟ್ರೆ ತಪ್ಪು ಬರುತ್ತೆ ಅಯ್ಯನವರೇ.”

“ಹಾಗಾದ್ರೆ… ಬಿಡ್ತೀರಾ?”

“ಬಿಡಲ್ಲ. ಮುಂಚೇನೂ ತಪ್ಪು ಬರ್ತಿತ್ತು. ನೋಡೋರು ಇದ್ರು. ಈಗ್ಲೂ ನೋಡೋರು ಇದ್ರೆ ಮಾಡ್ತೀನಿ. ನೋಡಿದ ಮೇಲೂ ಒಂದು ಪುಸ್ತಕ ತಪ್ಪಿ ಬಂದ್ರೆ ಬಿಡ್ತೀನಿ. ಹಾಗಂತ ಹಿರಿಯರಿಗೆ ಹೇಳಿ.”

ಅಯ್ಯನವರು ತಲೆಯಾಡಿಸಿದರು, ಮತ್ತೆ ಅಡ್ಡಡ್ಡ ಆಡಿಸಿದರು. “ತಪ್ಪು ಬರುತ್ತೆ, ಆದ್ರೆ ಬರಲ್ಲ ಅಂತ ಹೇಳಲಾ?”

“ನನಗೂ ಪೂರ್ತಿ ಅರ್ಥ ಆಗಿಲ್ಲ. ನೀವು ಹಾಗೇ ಹೇಳಿ. ಮತ್ತೆ ನನಗೋಸ್ಕರ ಪ್ರಾರ್ಥನೆ ಮಾಡೋವಾಗ ವಿಶ್ರಾಂತಿ ಕೊಡು ಅನ್ಬೇಡಿ. ತಪ್ಪು ತೋರಿಸಿದವರ ಮೇಲೆ ಸಿಟ್ಟು ಬಾರದ ಹಾಗೆ ಮಾಡು ಅನ್ನಿ. ಅದು ನನ್ನೊಬ್ಬನ ಕೈಲಿ ಆಗಲ್ಲ.”

ಅಯ್ಯನವರು ಹಾಗೆಯೇ ಪ್ರಾರ್ಥಿಸಿದರು. ಚಿಕ್ಕ ಪ್ರಾರ್ಥನೆ. ಬೈಂಡರ್ ಜೋರಾಗಿ ಆಮೆನ್ ಎಂದ.

ಶನಿವಾರ ಬೆಳಿಗ್ಗೆ ಏಳಕ್ಕೇ ಇಪ್ಪತ್ತು ಗುಡ್ಡೆ ಮೇಜಿನ ಸುತ್ತ ಕೂತವು. ತಿಂಡಿಯನ್ನು ಎಲ್ಲರೂ ಅಂಗಳದ ಮೆಟ್ಟಿಲ ಮೇಲೆ ತಿಂದರು. ಯಾವ ಗುಡ್ಡೆಯನ್ನೂ ಯಾರೂ ಮುಟ್ಟಕೂಡದೆಂದು ಮಗ ಕುರ್ಚಿಗಳನ್ನೆಲ್ಲ ಹೊರಗಿಟ್ಟಿದ್ದ. ಬೈಂಡರ್ ಸುತ್ತು ಶುರು ಮಾಡಿದ. ಒಂದು ಸುತ್ತು ಮುಗಿದಾಗ ಕಟ್ಟನ್ನು ಸೊಸೆಯ ಕೈಗೆ ಕೊಡುತ್ತಿದ್ದ. ಅವಳು ಕಿಟಕಿಯ ಬೆಳಕಿಗೆ ಹಿಡಿದು, ಬುಡದ ನಂಬರನ್ನು ಬೆರಳಿನಿಂದ ಮುಟ್ಟಿ ಮುಟ್ಟಿ, ತುಟಿಯಲ್ಲಿ ಎಣಿಸಿ ಕೆಳಗಿಡುತ್ತಿದ್ದಳು. ಹದಿನೈದಾದ ಮೇಲೆ ಅಂಗಡಿಯ ಮಾಲೀಕನ ಜಿಪುಣತನದ ಕಥೆ ಹೇಳತೊಡಗಿದಳು. ಹೇಳುತ್ತಲೇ ಎಣಿಸುತ್ತಿದ್ದಳು.

ಇಪ್ಪತ್ತಮೂರನೆಯದರಲ್ಲಿ ಅವಳ ಬೆರಳು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಎಣಿಸಿದಳು. ಕಥೆ ಅರ್ಧಕ್ಕೇ ನಿಂತಿತು.

“ಮಾವ.”

“ಹೂಂ.”

“ಹದಿನಾಲ್ಕು ಎರಡಿದೆ. ಹದಿನೈದು ಇಲ್ಲ.”

ಬೈಂಡರ್ ಕೈ ಚಾಚಿದ. ನೋಡಿದ. ಎರಡೂ ಹದಿನಾಲ್ಕೇ. ಹದಿನೈದರ ಗುಡ್ಡೆ ಅವನ ಮುಂದೆಯೇ, ತನ್ನ ಜಾಗದಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಯಾರೂ ಕರೆದಿರಲಿಲ್ಲ. ಕಣ್ಣಿಗೆ ಬೆಳಕು ಸಾಕಷ್ಟಿತ್ತು. ಈ ತಪ್ಪಿಗೆ ಹೆಸರು ಹೇಳಲು ಇಡೀ ಮನೆಯಲ್ಲಿ ಬೇರೆ ಒಬ್ಬರೂ ಇರಲಿಲ್ಲ.

ಬಾಗಿಲಲ್ಲಿ ಮಗ ಏನೋ ಹೇಳಲು ಬಾಯಿ ತೆರೆದ. ಸೊಸೆ ಅವನ ಕಡೆ ನೋಡಿದಳು. ಅವನು ಮುಚ್ಚಿಕೊಂಡ.

“ನಾನೇ,” ಎಂದ ಬೈಂಡರ್. ಹೆಚ್ಚಿನದನ್ನು ಕಿತ್ತು ಹದಿನಾಲ್ಕರ ಗುಡ್ಡೆಗೆ ಹಾಕಿ, ಹದಿನೈದನ್ನು ಸೇರಿಸಿ, ಕಟ್ಟನ್ನು ಆದ ಪುಸ್ತಕಗಳ ಮೇಲೆ ಇಡಲು ಹೋದವನು ತಡೆದು, ಅವಳಿಗೇ ಕೊಟ್ಟ. ಅವಳು ಒಂದರಿಂದ ಇಪ್ಪತ್ತರವರೆಗೆ ಇನ್ನೊಮ್ಮೆ ಎಣಿಸಿ ಕೆಳಗಿಟ್ಟಳು.

“ಇಪ್ಪತ್ತಮೂರಕ್ಕೆ ಒಂದು,” ಎಂದ ಅವನು. “ನಿಮ್ಮತ್ತೆ ಇದ್ದಾಗ ಎಷ್ಟಕ್ಕೆ ಒಂದಿತ್ತೋ.”

“ಈಗ್ಲೇ ಯಾಕೆ ಲೆಕ್ಕ ಮಾವ? ಇನ್ನೂ ಮೂವತ್ತೇಳು ಸುತ್ತು ಇದೆ. ನಂದೂ ತಪ್ಪುತ್ತೋ ಏನೋ, ಯಾರಿಗೆ ಗೊತ್ತು.”

“ನಿಂದು ಯಾರು ನೋಡೋದು?”

ಅವಳಿಗೆ ಅದು ಹೊಳೆದಿರಲಿಲ್ಲ. ಇಬ್ಬರೂ ಬಾಗಿಲ ಕಡೆ ತಿರುಗಿದರು.

“ನನಗೆ ಹನ್ನೊಂದಕ್ಕೆ ಕೆಲಸ ಇದೆ,” ಎಂದ ಮಗ.

“ಹನ್ನೊಂದರ ತನಕ ಕೂತ್ಕೋ,” ಎಂದಳು ಹೆಂಡತಿ. ಬೈಂಡರ್ ಮೊದಲನೆಯ ಗುಡ್ಡೆಯ ಹತ್ತಿರ ಹೋಗಿ ಒಂದು ಫಾರಂ ಎತ್ತಿಕೊಂಡ.